ನಿಮ್ಮ ಸರ್ವರ್ ನಿಮ್ಮನ್ನೇ ಹೊರಗೆ ಹಾಕಿದಾಗ: ಫೈರ್‌ವಾಲ್ ತಡೆಯನ್ನು ಹುಡುಕಿ ಬಿಡಿಸುವ ಕ್ರಮ

ವೆಬ್‌ಸೈಟ್ ತೆರೆಯುತ್ತಿದೆ, ಸರ್ವರ್ ಚಾಲೂ ಇದೆ, ಆದರೆ ನನಗೆ ಮಾತ್ರ ಲಾಗಿನ್ ಆಗಲು ಆಗುತ್ತಿಲ್ಲ, ಏನು ಮಾಡಲಿ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಇದನ್ನು ಕೇಳುವ ಹೊತ್ತಿಗೆ ಹೆಚ್ಚಿನವರು ಸರ್ವರನ್ನು ಹಲವು ಸಲ ರೀಬೂಟ್ ಮಾಡಿರುತ್ತಾರೆ, ಪಾಸ್‌ವರ್ಡ್ ಬದಲಿಸಿರುತ್ತಾರೆ. ಕೆಲವರಂತೂ ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಲು ಸಿದ್ಧರಾಗಿರುತ್ತಾರೆ. ಅಷ್ಟೆಲ್ಲ ಬೇಕಾಗುವುದೇ ಅಪರೂಪ. ತಡೆ ಹಾಕಿದ್ದು ಯಾವುದು ಎಂದು ಗೊತ್ತಾದರೆ ಬಿಡಿಸುವುದು ಒಂದೆರಡು ಸಾಲಿನ ಕೆಲಸ. ಕಷ್ಟವೆಲ್ಲ ಪತ್ತೆ ಹಚ್ಚುವುದರಲ್ಲಿದೆ. ಈ ಲೇಖನದ ಬಹುಪಾಲೂ ಅದಕ್ಕೇ ಮೀಸಲು.

ನೀವು ಬಾಡಿಗೆಗೆ ಪಡೆದ ಲಿನಕ್ಸ್ ಸರ್ವರ್ ಒಂದನ್ನು (ಉಬುಂಟು, ಡೆಬಿಯನ್, ಆಲ್ಮಾ, ರಾಕಿ ಯಾವುದಾದರೂ ಸರಿ) ಎಸ್‌ಎಸ್‌ಎಚ್ ಮೂಲಕ ನಿರ್ವಹಿಸುತ್ತಿದ್ದೀರಿ ಎಂದುಕೊಂಡಿದ್ದೇನೆ. ಎಸ್‌ಎಸ್‌ಎಚ್ ಎಂದರೆ ದೂರದ ಕಂಪ್ಯೂಟರಿಗೆ ಗೂಢಲಿಪಿಯ ಸಂಪರ್ಕದಲ್ಲಿ ಲಾಗಿನ್ ಆಗುವ ವಿಧಾನ. ಸಾಮಾನ್ಯವಾಗಿ ಅದು 22ನೇ ಪೋರ್ಟ್‌ನಲ್ಲಿರುತ್ತದೆ (ಪೋರ್ಟ್ ಎಂದರೆ ಸರ್ವರ್‌ನ ಒಂದೊಂದು ಸೇವೆಗಿರುವ ಸಂಖ್ಯೆಯ ಬಾಗಿಲು). ಫೈರ್‌ವಾಲ್ ಯಾವ ಪೋರ್ಟ್‌ಗೆ ಯಾರು ಬರಬಹುದು ಎಂಬ ನಿಯಮಗಳ ಪಟ್ಟಿ. ಫೇಲ್2ಬ್ಯಾನ್‌ನಂಥ ಕಾವಲು ತಂತ್ರಾಂಶಗಳು ಲಾಗ್ ಕಡತಗಳನ್ನು ಓದುತ್ತಾ, ಅನುಮಾನ ಬಂದ ವಿಳಾಸಗಳನ್ನು ತಾವಾಗಿಯೇ ಆ ಪಟ್ಟಿಗೆ ಸೇರಿಸುತ್ತವೆ. ಇಲ್ಲಿರುವ ಆಜ್ಞೆಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. 203.0.113.45 ಎಂದಿರುವಲ್ಲಿ ನಿಮ್ಮ ವಿಳಾಸ ಹಾಕಿಕೊಳ್ಳಿ.

ಕೈಯಲ್ಲಿ ಇರಬೇಕಾದವು: ಹೋಸ್ಟಿಂಗ್ ಕಂಪನಿಯ ಖಾತೆಯ ಲಾಗಿನ್ (ಒಟಿಪಿ ಬರುವ ಫೋನ್ ಸಹಿತ), ಸರ್ವರ್‌ನ ಐಪಿ ವಿಳಾಸ, ಸುಡೊ ಪಾಸ್‌ವರ್ಡ್ (ನಿರ್ವಾಹಕರ ಅಧಿಕಾರದಲ್ಲಿ ಆಜ್ಞೆ ಓಡಿಸಲು ಕೇಳುವ ಪಾಸ್‌ವರ್ಡ್), ಮತ್ತು ಇನ್ನೊಂದು ಇಂಟರ್‌ನೆಟ್ ಸಂಪರ್ಕ. ಮೊಬೈಲ್ ಹಾಟ್‌ಸ್ಪಾಟ್ ಸಾಕು.

ಹಂತ 1. ಪ್ರಯತ್ನ ನಿಲ್ಲಿಸಿ

ಫೇಲ್2ಬ್ಯಾನ್‌ನ ಮೂಲ ಸೆಟ್ಟಿಂಗ್ ಪ್ರಕಾರ ಒಂದೇ ವಿಳಾಸದಿಂದ 10 ನಿಮಿಷದೊಳಗೆ 5 ಬಾರಿ ಲಾಗಿನ್ ವಿಫಲವಾದರೆ ಆ ವಿಳಾಸಕ್ಕೆ 10 ನಿಮಿಷ ಪ್ರವೇಶವಿಲ್ಲ. ಅದನ್ನು ಯಾರೂ ಬದಲಿಸದೆ ಬಿಟ್ಟಿದ್ದರೆ ಕಾಲು ಗಂಟೆ ಸುಮ್ಮನಿರುವುದೇ ಪರಿಹಾರ. ಸಮಸ್ಯೆಯೆಂದರೆ ಯಾರೂ ಸುಮ್ಮನಿರುವುದಿಲ್ಲ. ನೀವು ಸುಮ್ಮನಿದ್ದರೂ ನಿಮ್ಮ ಕಂಪ್ಯೂಟರ್ ಸುಮ್ಮನಿರುವುದಿಲ್ಲ: ಫೈಲ್‌ಜಿಲ್ಲಾ, ವಿಎಸ್ ಕೋಡ್‌ನ ರಿಮೋಟ್ ಸಂಪರ್ಕ, ರಾತ್ರಿ ಓಡುವ ಬ್ಯಾಕಪ್ ಸ್ಕ್ರಿಪ್ಟ್, ಇವೆಲ್ಲ ಹಳೆಯ ಪಾಸ್‌ವರ್ಡ್ ಹಿಡಿದು ಬಾಗಿಲು ಬಡಿಯುತ್ತಲೇ ಇರುತ್ತವೆ. ಮೊದಲು ಅವನ್ನೆಲ್ಲ ಮುಚ್ಚಿ.

ಯಾವುದಾದರೂ ಟರ್ಮಿನಲ್ ಕಿಟಕಿಯಲ್ಲಿ ಹಳೆಯ ಲಾಗಿನ್ ಇನ್ನೂ ಜೀವಂತವಾಗಿದ್ದರೆ ಅದನ್ನು ಮಾತ್ರ ಮುಚ್ಚಬೇಡಿ. ಫೈರ್‌ವಾಲ್ ಹೊಸದಾಗಿ ಚಾಲೂ ಮಾಡಿದಾಗ ಆಗಲೇ ಇರುವ ಸಂಪರ್ಕ ಸಾಮಾನ್ಯವಾಗಿ ಉಳಿಯುತ್ತದೆ. ಅದರಲ್ಲೇ ಎಲ್ಲವನ್ನೂ ಸರಿಪಡಿಸಬಹುದು. ಫೇಲ್2ಬ್ಯಾನ್ ಹಾಗಲ್ಲ. ಅದು ತನ್ನ ನಿಯಮವನ್ನು ಪಟ್ಟಿಯ ಮೊದಲಲ್ಲೇ ಸೇರಿಸುವುದರಿಂದ ತೆರೆದಿದ್ದ ಸಂಪರ್ಕವೂ ಹೆಪ್ಪುಗಟ್ಟಿ ನಿಲ್ಲುತ್ತದೆ. ಇದೇ ಒಂದು ಸುಳಿವು.

ಇನ್ನು ರೀಬೂಟ್. ಕೈಯಲ್ಲಿ ಟೈಪ್ ಮಾಡಿ, ಉಳಿಸದೆ ಬಿಟ್ಟ ಐಪಿಟೇಬಲ್ಸ್ (ಲಿನಕ್ಸ್‌ನ ಮೂಲ ಫೈರ್‌ವಾಲ್ ಸಾಧನ) ನಿಯಮದಂಥ ತಾತ್ಕಾಲಿಕ ನಿಯಮ ಕಾರಣವಾಗಿದ್ದರೆ ಮಾತ್ರ ರೀಬೂಟ್ ಕೆಲಸಕ್ಕೆ ಬರುತ್ತದೆ. ಯುಎಫ್‌ಡಬ್ಲ್ಯೂ (ಉಬುಂಟು, ಡೆಬಿಯನ್‌ಗಳಲ್ಲಿ ಬಳಸುವ ಫೈರ್‌ವಾಲ್) ಬೂಟ್ ಆಗುವಾಗ ಮತ್ತೆ ಎದ್ದು ನಿಲ್ಲುತ್ತದೆ. ಫೇಲ್2ಬ್ಯಾನ್ ತಾನು ತಡೆದ ವಿಳಾಸಗಳನ್ನು ಡೇಟಾಬೇಸ್ ಕಡತದಲ್ಲಿ ಬರೆದಿಟ್ಟಿರುತ್ತದೆ, ಅವಧಿ ಮುಗಿಯದ ತಡೆಗಳನ್ನು ಎದ್ದ ಕೂಡಲೇ ಮತ್ತೆ ಹಾಕುತ್ತದೆ.

ಹಂತ 2. ದೋಷ ಸಂದೇಶವನ್ನು ಅಕ್ಷರಶಃ ಓದಿ

"ಕನೆಕ್ಟ್ ಆಗುತ್ತಿಲ್ಲ" ಎಂದಷ್ಟೇ ಬರೆದು ಕೇಳುವವರಿಗೆ ಯಾರೂ ಉತ್ತರ ಕೊಡಲಾಗದು. ಪರದೆಯ ಮೇಲೆ ಬಂದ ಸಾಲು ಯಾವುದು ಎಂಬುದರಲ್ಲೇ ಅರ್ಧ ಉತ್ತರವಿದೆ. ಹೆಚ್ಚಿನ ವಿವರಕ್ಕೆ ಒಮ್ಮೆ, ಒಮ್ಮೆ ಮಾತ್ರ, ಹೀಗೆ ಪ್ರಯತ್ನಿಸಿ:

ಎಸ್‌ಎಸ್‌ಎಚ್ -ವಿ ಬಳಕೆದಾರ@ಸರ್ವರ್

"ಕನೆಕ್ಷನ್ ಟೈಮ್ಡ್ ಔಟ್": ನೀವು ಕಳುಹಿಸಿದ ಪ್ಯಾಕೆಟ್ (ಡೇಟಾದ ತುಣುಕು) ಸದ್ದಿಲ್ಲದೆ ಕಸದ ಬುಟ್ಟಿಗೆ ಹೋಗಿದೆ. ಹೋಸ್ಟಿಂಗ್ ಕಂಪನಿಯ ಹೊರ ಫೈರ್‌ವಾಲ್, ಅಥವಾ ಸರ್ವರ್‌ನೊಳಗಿನ ಯುಎಫ್‌ಡಬ್ಲ್ಯೂ. ಯುಎಫ್‌ಡಬ್ಲ್ಯೂ 'ಡಿನೈ' ಎಂದಾಗ ಉತ್ತರವನ್ನೇ ಕೊಡುವುದಿಲ್ಲ.

"ಕನೆಕ್ಷನ್ ರೆಫ್ಯೂಸ್ಡ್": ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಎಸ್‌ಎಸ್‌ಎಚ್ ಸೇವೆ ನಿಂತಿದೆ ಎಂದೇ ಎಲ್ಲ ಪುಸ್ತಕಗಳೂ ಹೇಳುತ್ತವೆ, ಅದು ನಿಜವೂ ಇರಬಹುದು. ಆದರೆ ಫೇಲ್2ಬ್ಯಾನ್ ಐಪಿಟೇಬಲ್ಸ್ ಮೂಲಕ ತಡೆಯುವಾಗ ಮೂಲ ಸೆಟ್ಟಿಂಗ್‌ನಲ್ಲಿ ಪ್ಯಾಕೆಟ್ಟನ್ನು ನುಂಗುವುದಿಲ್ಲ, 'ಈ ಪೋರ್ಟ್ ಸಿಗದು' ಎಂದು ತಿರುಗಿ ಹೇಳುತ್ತದೆ. ನಿಮ್ಮ ಕಡೆ ಅದು 'ರೆಫ್ಯೂಸ್ಡ್' ಎಂದೇ ಕಾಣುತ್ತದೆ. ಸೇವೆ ನಿಂತಿದೆಯೆಂದು ಭಾವಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುವ ಮುನ್ನ ಹಂತ 3ನ್ನು ಮಾಡಿ.

"ನೋ ರೂಟ್ ಟು ಹೋಸ್ಟ್": ಹೆಸರು ನೋಡಿ ನೆಟ್‌ವರ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ಪಿಂಗ್‌ಗೆ ಉತ್ತರ ಬರುತ್ತಿದ್ದರೆ ಇದು ಬಹುತೇಕ ಫೈರ್‌ವಾಲ್‌ಡಿಯ (ಆಲ್ಮಾ, ರಾಕಿಗಳ ಫೈರ್‌ವಾಲ್) ನಿರಾಕರಣೆ. ಒರಾಕಲ್ ಕ್ಲೌಡ್‌ನ ಉಬುಂಟು ಸರ್ವರ್‌ಗಳಲ್ಲೂ ಇದೇ ಸಂದೇಶ ಕಾಣುತ್ತದೆ. ಅಲ್ಲಿ ಹೊರಗಿನ ನಿಯಮಪಟ್ಟಿಯ ಜೊತೆಗೆ ಸರ್ವರ್‌ನೊಳಗೂ ಐಪಿಟೇಬಲ್ಸ್ ನಿಯಮಗಳು ಮೊದಲೇ ತುಂಬಿರುತ್ತವೆ. ಹೊರಗೆ ಪೋರ್ಟ್ ತೆರೆದು ಒಳಗೆ ಮರೆಯುವವರು ಬಹಳ.

"ಪರ್ಮಿಷನ್ ಡಿನೈಡ್": ಇದು ಫೈರ್‌ವಾಲ್ ಅಲ್ಲವೇ ಅಲ್ಲ. ಬಾಗಿಲವರೆಗೆ ತಲುಪಿದ್ದೀರಿ, ಕೀ (ಪಾಸ್‌ವರ್ಡ್ ಬದಲು ಬಳಸುವ ಗೂಢಲಿಪಿ ಕಡತ) ಅಥವಾ ಬಳಕೆದಾರರ ಹೆಸರು ತಪ್ಪಿದೆ. ಇದನ್ನು ನೋಡಿಯೂ ಮತ್ತೆ ಮತ್ತೆ ಯತ್ನಿಸಿದರೆ ಮುಂದಿನ ಸಂದೇಶ 'ರೆಫ್ಯೂಸ್ಡ್' ಆಗಿರುತ್ತದೆ.

"ಟೂ ಮೆನಿ ಅಥೆಂಟಿಕೇಷನ್ ಫೇಲ್ಯೂರ್ಸ್": ನಿಮ್ಮ ಲ್ಯಾಪ್‌ಟಾಪ್‌ನ ಕೀ ಏಜೆಂಟ್‌ನಲ್ಲಿ (ಕೀಗಳನ್ನು ಹಿಡಿದಿಡುವ ತಂತ್ರಾಂಶ) ಬಹಳ ಕೀಗಳಿವೆ. ಅವನ್ನು ಒಂದೊಂದಾಗಿ ತೋರಿಸುತ್ತಾ ಹೋಗುವಾಗ, ಸರಿಯಾದುದರ ಸರದಿ ಬರುವ ಮೊದಲೇ ಸರ್ವರ್ ತನ್ನ 6 ಯತ್ನಗಳ ಮಿತಿ ಮುಗಿಸಿ ಸಂಪರ್ಕ ಕಡಿಯುತ್ತದೆ. '-ಓ ಐಡೆಂಟಿಟೀಸ್‌ಓನ್ಲಿ=ಯೆಸ್' ಸೇರಿಸಿ, '-ಐ' ಕೊಟ್ಟು ಒಂದೇ ಕೀಯನ್ನು ತೋರಿಸಿ.

ಸಂಪರ್ಕ ಸಿಕ್ಕ ಕ್ಷಣವೇ 'ಕೆಕ್ಸ್_ಎಕ್ಸ್‌ಚೇಂಜ್' ಎಂದು ಶುರುವಾಗುವ ಸಾಲು ಬಂದು ಕಡಿದುಹೋದರೆ ಅದು ಎಸ್‌ಎಸ್‌ಎಚ್ ಸೇವೆಯದೇ ತೀರ್ಮಾನ. ಬಾಟ್‌ಗಳ ದಾಳಿಯಿಂದ ಲಾಗಿನ್ ಸರದಿ ತುಂಬಿರಬಹುದು. ಇಲ್ಲವೇ ಸರ್ವರ್‌ನಲ್ಲಿ ಓಪನ್‌ಎಸ್‌ಎಸ್‌ಎಚ್ 9.8 ಅಥವಾ ಅದರ ನಂತರದ ಆವೃತ್ತಿ ಇರಬಹುದು. 2024ರ ಜುಲೈನಲ್ಲಿ ಬಂದ ಆ ಆವೃತ್ತಿಯಿಂದ ಎಸ್‌ಎಸ್‌ಎಚ್ ಸೇವೆ ತಾನೇ ದಂಡ ವಿಧಿಸಲು ಕಲಿತಿದೆ, ಅದಕ್ಕೆ ಫೇಲ್2ಬ್ಯಾನ್ ಬೇಕಿಲ್ಲ. '-ವಿ' ಕೊಟ್ಟಾಗ 'ನಾಟ್ ಅಲೌಡ್ ಅಟ್ ದಿಸ್ ಟೈಮ್' ಎಂದು ಕಂಡರೆ ಇದೇ. ಮೂಲ ಸೆಟ್ಟಿಂಗ್‌ನಲ್ಲಿ ಈ ದಂಡ 10 ನಿಮಿಷ ಮೀರುವುದಿಲ್ಲ. ಫೇಲ್2ಬ್ಯಾನ್‌ನ ಪಟ್ಟಿಯಲ್ಲಿ ನಿಮ್ಮ ವಿಳಾಸ ಇಲ್ಲದೆಯೂ ತಡೆ ಇರುವ ಒಗಟಿಗೆ ಹಲವು ಬಾರಿ ಉತ್ತರ ಇಲ್ಲಿರುತ್ತದೆ.

ಹಂತ 3. ದಾರಿ ಬದಲಿಸಿ ನೋಡಿ

ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ಗೆ ಬನ್ನಿ, ಒಮ್ಮೆ ಲಾಗಿನ್ ಮಾಡಿ. ಒಳಗೆ ಹೋದಿರಾದರೆ ತಡೆ ಇದ್ದದ್ದು ನಿಮ್ಮ ವಿಳಾಸಕ್ಕೆ ಮಾತ್ರ. ಅಂದರೆ ಕಾವಲು ತಂತ್ರಾಂಶದ ಕೆಲಸ, ಅಥವಾ ನಿಮ್ಮ ವಿಳಾಸವನ್ನಷ್ಟೇ ತಡೆಯುವ ನಿಯಮ. ನೇರವಾಗಿ ಹಂತ 6ಕ್ಕೆ ಹೋಗಿ. ಎರಡೂ ದಾರಿಯಲ್ಲಿ ಒಂದೇ ಸಂದೇಶ ಬಂದರೆ ಪೋರ್ಟ್ ಎಲ್ಲರಿಗೂ ಮುಚ್ಚಿದೆ, ಅಥವಾ ನಿರ್ದಿಷ್ಟ ವಿಳಾಸಕ್ಕೆ ಮಾತ್ರ ತೆರೆದಿದೆ.

ನಮ್ಮ ದೇಶದ ಸಂಪರ್ಕಗಳಲ್ಲಿ ಇಲ್ಲಿ ಎರಡು ತೊಡಕುಗಳಿವೆ. ಮೊಬೈಲ್ ಜಾಲಗಳಲ್ಲೂ ಹಲವು ಬ್ರಾಡ್‌ಬ್ಯಾಂಡ್‌ಗಳಲ್ಲೂ ಒಂದು ಸಾರ್ವಜನಿಕ ಐಪಿವಿ4 ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಳ್ಳುತ್ತಾರೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ನಿಮ್ಮ ರೌಟರ್‌ನ ಪುಟದಲ್ಲಿ ಹೊರ ವಿಳಾಸ 100.64ರಿಂದ 100.127ರ ನಡುವೆ ಆರಂಭವಾಗಿದ್ದರೆ ನೀವೂ ಅದರಲ್ಲಿದ್ದೀರಿ. ಅದೇ ವಿಳಾಸದ ಹಿಂದೆ ಇರುವ ಯಾರದೋ ವೈರಸ್ ಹಿಡಿದ ಕಂಪ್ಯೂಟರ್ ನಿಮ್ಮ ಸರ್ವರ್ ಮೇಲೆ ಯತ್ನಿಸಿದ್ದಕ್ಕೂ ತಡೆ ನಿಮಗೇ ತಗಲಬಹುದು.

ಎರಡನೆಯದು ಐಪಿವಿ6, ಅಂದರೆ ಹೊಸ ಬಗೆಯ, ಉದ್ದನೆಯ ಐಪಿ ವಿಳಾಸ. ಜಿಯೋದಂಥ ಜಾಲಗಳಲ್ಲಿ ಐಪಿವಿ6 ಬಳಕೆ ದೊಡ್ಡ ಪ್ರಮಾಣದಲ್ಲಿದೆ. ಸರ್ವರ್‌ನ ಹೆಸರಿಗೆ ಐಪಿವಿ6 ದಾಖಲೆಯೂ ಇದ್ದರೆ ನಿಮಗೆ ತಿಳಿಯದೆಯೇ ಆ ದಾರಿಯಲ್ಲಿ ಹೋಗಿರುತ್ತೀರಿ. ಐಪಿವಿ4 ವಿಳಾಸದ ತಡೆ ಬಿಡಿಸಿದರೂ ಏನೂ ಬದಲಾಗದು. 'ಎಸ್‌ಎಸ್‌ಎಚ್ -4' ಮತ್ತು 'ಎಸ್‌ಎಸ್‌ಎಚ್ -6' ಎಂದು ಬೇರೆ ಬೇರೆಯಾಗಿ ಪರೀಕ್ಷಿಸಿದರೆ ಇದು ತಿಳಿಯುತ್ತದೆ.

ಹಂತ 4. ಹೊರಗಿನ ಫೈರ್‌ವಾಲ್ ನೋಡಿ

ಹೋಸ್ಟಿಂಗ್ ಖಾತೆಗೆ ಲಾಗಿನ್ ಆಗಿ. ಎಡಬ್ಲ್ಯೂಎಸ್‌ನಲ್ಲಿ (ಅಮೆಜಾನ್‌ನ ಕ್ಲೌಡ್) ಸೆಕ್ಯುರಿಟಿ ಗ್ರೂಪ್, ಒರಾಕಲ್‌ನಲ್ಲಿ ಸೆಕ್ಯುರಿಟಿ ಲಿಸ್ಟ್, ಉಳಿದ ಕಡೆ ಕ್ಲೌಡ್ ಫೈರ್‌ವಾಲ್, ಹೀಗೆ ಹೆಸರುಗಳು ಬೇರೆ. ಎಸ್‌ಎಸ್‌ಎಚ್ ಪೋರ್ಟ್‌ಗೆ ಅನುಮತಿ ಇದೆಯೇ, ಯಾವ ವಿಳಾಸಕ್ಕೆ ಇದೆ ಎಂದು ನೋಡಿ. ಸರ್ವರ್ ಮಾಡಿದ ದಿನ "ನನ್ನ ಐಪಿ ಮಾತ್ರ" ಎಂದು ಆರಿಸಿದ್ದು ನೆನಪಿದೆಯೇ? ಆ ಐಪಿ ಆಮೇಲೆ ಬದಲಾಗಿರುತ್ತದೆ. ಕಾರಣ ಇಲ್ಲೇ ಸಿಕ್ಕಿದರೆ ಸರ್ವರ್ ಒಳಗೆ ಹೋಗುವ ಅಗತ್ಯವೇ ಇಲ್ಲ.

ಹಂತ 5. ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ

ಹೆಚ್ಚಿನ ಕಂಪನಿಗಳು ಬ್ರೌಸರ್‌ನಲ್ಲೇ ತೆರೆಯುವ ಕನ್ಸೋಲ್ ಕೊಡುತ್ತವೆ. ಅದು ಸರ್ವರ್‌ಗೆ ನೇರವಾಗಿ ಮಾನಿಟರ್, ಕೀಬೋರ್ಡ್ ಜೋಡಿಸಿದಂತೆ. ನೆಟ್‌ವರ್ಕ್ ನಿಯಮಗಳು ಅದನ್ನು ಮುಟ್ಟವು. ಆದರೆ ಬ್ರೌಸರ್‌ನಲ್ಲಿ ತೆರೆಯುವುದೆಲ್ಲ ಇಂಥ ಕನ್ಸೋಲ್ ಅಲ್ಲ. ಎಡಬ್ಲ್ಯೂಎಸ್‌ನ ಇಸಿ2 ಇನ್‌ಸ್ಟನ್ಸ್ ಕನೆಕ್ಟ್ ಮತ್ತು ಗೂಗಲ್ ಕ್ಲೌಡ್‌ನ ಬ್ರೌಸರ್ ಎಸ್‌ಎಸ್‌ಎಚ್ ಒಳಗೊಳಗೆ ಎಸ್‌ಎಸ್‌ಎಚ್ ಪೋರ್ಟನ್ನೇ ಬಳಸುತ್ತವೆ. ಪೋರ್ಟ್ ಮುಚ್ಚಿದ್ದರೆ ಅವೂ ಸೋಲುತ್ತವೆ. ನಿಮಗೆ ಬೇಕಿರುವುದು ಸೀರಿಯಲ್ ಕನ್ಸೋಲ್, ವಿಎನ್‌ಸಿ, ರಿಕವರಿ ಕನ್ಸೋಲ್, ಲಿನೋಡ್‌ನಲ್ಲಾದರೆ ಲಿಶ್. ಎಡಬ್ಲ್ಯೂಎಸ್‌ನ ಸೆಷನ್ ಮ್ಯಾನೇಜರ್ ಸರ್ವರ್‌ನಿಂದ ಹೊರಮುಖವಾಗಿ ಸಂಪರ್ಕಿಸುವುದರಿಂದ ಒಳಬರುವ ತಡೆ ಅದಕ್ಕೆ ಲೆಕ್ಕಕ್ಕಿಲ್ಲ, ಆದರೆ ಅದರ ಏಜೆಂಟ್ ಮತ್ತು ಅನುಮತಿಗಳು ಮೊದಲೇ ಸಿದ್ಧವಿರಬೇಕು.

ಕನ್ಸೋಲ್ ಪಾಸ್‌ವರ್ಡ್ ಕೇಳುತ್ತದೆ, ಕೀ ಅಲ್ಲ. ಕೀಯಿಂದ ಮಾತ್ರ ಲಾಗಿನ್ ಆಗುತ್ತಿದ್ದ ಬಳಕೆದಾರರಿಗೆ ಹಲವು ಬಾರಿ ಪಾಸ್‌ವರ್ಡ್ ಇರುವುದೇ ಇಲ್ಲ. ಆಗ ಹೋಸ್ಟಿಂಗ್ ಪುಟದಲ್ಲಿ ರೂಟ್ ಪಾಸ್‌ವರ್ಡ್ ಮರುಹೊಂದಿಸುವ ಗುಂಡಿ ಇದೆಯೇ ನೋಡಿ. ವಿಎನ್‌ಸಿ ಕನ್ಸೋಲ್‌ಗಳಲ್ಲಿ ಪೇಸ್ಟ್ ಹಲವು ಬಾರಿ ಕೆಲಸ ಮಾಡದು, ಕೀಬೋರ್ಡ್ ವಿನ್ಯಾಸ ಬೇರೆಯಾಗಿ ವಿಶೇಷ ಚಿಹ್ನೆಗಳು ಅದಲುಬದಲಾಗುತ್ತವೆ. ಅಕ್ಷರ ಮತ್ತು ಅಂಕಿಗಳಷ್ಟೇ ಇರುವ ಉದ್ದನೆಯ ಪಾಸ್‌ವರ್ಡ್ ಇಡಿ.

ಹಂತ 6. ಕಾವಲು ತಂತ್ರಾಂಶದ ತಡೆ ಬಿಡಿಸಿ

ಮೊದಲು ಪಟ್ಟಿ ನೋಡಿ:

ಸುಡೊ ಫೇಲ್2ಬ್ಯಾನ್-ಕ್ಲೈಂಟ್ ಸ್ಟೇಟಸ್ ಎಸ್‌ಎಸ್‌ಎಚ್‌ಡಿ

ಕೊನೆಯ ಸಾಲಿನಲ್ಲಿ ತಡೆಗೊಳಗಾದ ವಿಳಾಸಗಳಿರುತ್ತವೆ. ಇಲ್ಲಿ 'ಎಸ್‌ಎಸ್‌ಎಚ್‌ಡಿ' ಎನ್ನುವುದು ಒಂದು ಜೈಲಿನ ಹೆಸರು. ಜೈಲ್ ಎಂದರೆ ಯಾವ ಲಾಗ್ ಓದಬೇಕು, ಎಷ್ಟು ತಪ್ಪಿಗೆ ಎಷ್ಟು ಶಿಕ್ಷೆ ಎಂಬ ಒಂದು ಕಟ್ಟು ನಿಯಮ. ನಿಮ್ಮ ವಿಳಾಸ ಸಿಕ್ಕರೆ:

ಸುಡೊ ಫೇಲ್2ಬ್ಯಾನ್-ಕ್ಲೈಂಟ್ ಸೆಟ್ ಎಸ್‌ಎಸ್‌ಎಚ್‌ಡಿ ಅನ್‌ಬ್ಯಾನ್‌ಐಪಿ 203.0.113.45

1 ಎಂದು ಉತ್ತರ ಬಂದರೆ ಬಿಟ್ಟಿದೆ, 0 ಬಂದರೆ ಆ ಜೈಲಿನಲ್ಲಿ ಆ ವಿಳಾಸ ಇರಲೇ ಇಲ್ಲ. 1 ಬಂದರೂ ಒಳಗೆ ಹೋಗಲಾಗದಿದ್ದರೆ ಬೇರೆ ಜೈಲುಗಳನ್ನು ನೋಡಿ, ಮುಖ್ಯವಾಗಿ 'ರಿಸಿಡಿವ್' ಎಂಬುದನ್ನು. ಪದೇ ಪದೇ ತಡೆಗೊಳಗಾದವರನ್ನು ಹಿಡಿಯುವ ಜೈಲ್ ಅದು. ಅದನ್ನು ಚಾಲೂ ಮಾಡಿದ್ದರೆ ಶಿಕ್ಷೆ 10 ನಿಮಿಷವಲ್ಲ, ಒಂದು ವಾರ. ಅದೂ ಎಲ್ಲ ಪೋರ್ಟ್‌ಗಳಿಗೆ. ಯಾವ ಜೈಲ್ ಎಂದು ಹುಡುಕುವ ತಾಳ್ಮೆ ಇಲ್ಲದಿದ್ದರೆ ಎಲ್ಲ ಕಡೆಯಿಂದಲೂ ಒಮ್ಮೆಗೇ ಬಿಡಿಸಬಹುದು:

ಸುಡೊ ಫೇಲ್2ಬ್ಯಾನ್-ಕ್ಲೈಂಟ್ ಅನ್‌ಬ್ಯಾನ್ 203.0.113.45

ಐಪಿಟೇಬಲ್ಸ್‌ನಲ್ಲಿ ಆ ಸಾಲನ್ನು ಕೈಯಾರೆ ಅಳಿಸುವವರಿದ್ದಾರೆ. ಬೇಡ. ಫೇಲ್2ಬ್ಯಾನ್‌ನ ಡೇಟಾಬೇಸ್‌ನಲ್ಲಿ ದಾಖಲೆ ಹಾಗೆಯೇ ಉಳಿದು, ಮುಂದಿನ ಬಾರಿ ಸೇವೆ ಆರಂಭವಾದಾಗ ತಡೆ ಮರಳುತ್ತದೆ.

ತಡೆ ಬಿಡಿಸಿದರೆ ಅರ್ಧ ಕೆಲಸ. ಕಾರಣ ಉಳಿದಿದ್ದರೆ ಹತ್ತು ನಿಮಿಷದಲ್ಲಿ ಮತ್ತೆ ಅದೇ. /ವಾರ್/ಲಾಗ್/ಫೇಲ್2ಬ್ಯಾನ್.ಲಾಗ್ ಕಡತದಲ್ಲಿ ನಿಮ್ಮ ವಿಳಾಸವನ್ನು ಹುಡುಕಿ, 'ಫೌಂಡ್' ಎಂಬ ಸಾಲುಗಳ ಸಮಯ ನೋಡಿ. ನೀವು ಕೈಯಲ್ಲಿ ಟೈಪ್ ಮಾಡಿದ್ದಾದರೆ ಸಮಯ ಅಡ್ಡಾದಿಡ್ಡಿಯಾಗಿರುತ್ತದೆ, ಸರಿಯಾಗಿ ಪ್ರತಿ ನಿಮಿಷಕ್ಕೊಂದು ಬಂದಿದ್ದರೆ ಯಾವುದೋ ತಂತ್ರಾಂಶ ಹಳೆಯ ಪಾಸ್‌ವರ್ಡ್ ಬಳಸುತ್ತಿದೆ.

ಬೇರೆ ಕಾವಲು ತಂತ್ರಾಂಶಗಳಿದ್ದರೆ: ಕ್ರೌಡ್‌ಸೆಕ್‌ನಲ್ಲಿ 'ಸಿಎಸ್‌ಸಿಎಲ್‌ಐ ಡಿಸಿಷನ್ಸ್ ಲಿಸ್ಟ್' ನೋಡಿ, 'ಸಿಎಸ್‌ಸಿಎಲ್‌ಐ ಡಿಸಿಷನ್ಸ್ ಡಿಲೀಟ್ --ಐಪಿ' ಬಳಸಿ. ಸಿಪ್ಯಾನೆಲ್ ಸರ್ವರ್‌ಗಳಲ್ಲಿ ಸಿಎಸ್‌ಎಫ್ ಇದ್ದರೆ 'ಸಿಎಸ್‌ಎಫ್ -ಜಿ' ಹುಡುಕುತ್ತದೆ, '-ಡಿಆರ್' ಕಾಯಂ ತಡೆಯನ್ನೂ '-ಟಿಆರ್' ತಾತ್ಕಾಲಿಕ ತಡೆಯನ್ನೂ ತೆಗೆಯುತ್ತವೆ. ಸಿಎಸ್‌ಎಫ್ ರೂಪಿಸಿದ ಕಂಪನಿ 2025ರ ಆಗಸ್ಟ್‌ನಲ್ಲಿ ಮುಚ್ಚಿತು. ಅದನ್ನೇ ನಂಬಿಕೊಂಡಿದ್ದರೆ ಪರ್ಯಾಯ ಯೋಚಿಸುವುದು ಒಳ್ಳೆಯದು.

ಹಂತ 7. ಫೈರ್‌ವಾಲ್ ನಿಯಮಗಳನ್ನೇ ಸರಿಪಡಿಸಿ

ಉಬುಂಟು, ಡೆಬಿಯನ್‌ಗಳಲ್ಲಿ:

ಸುಡೊ ಯುಎಫ್‌ಡಬ್ಲ್ಯೂ ಸ್ಟೇಟಸ್ ನಂಬರ್ಡ್
ಸುಡೊ ಯುಎಫ್‌ಡಬ್ಲ್ಯೂ ಅಲೌ 22/ಟಿಸಿಪಿ

ಮೊದಲು ಹೊಂದಿದ ನಿಯಮವೇ ಗೆಲ್ಲುತ್ತದೆ. ಮೂರನೇ ಸಾಲಿನಲ್ಲಿ 'ಡಿನೈ' ಇದ್ದು ಏಳನೇ ಸಾಲಿನಲ್ಲಿ 'ಅಲೌ' ಸೇರಿಸಿದರೆ ಏನೂ ಆಗದು. 'ಇನ್‌ಸರ್ಟ್ 1' ಬಳಸಿ ಮೇಲೆ ತನ್ನಿ. 'ಲಿಮಿಟ್' ಎಂಬ ನಿಯಮ ಇದೆಯೇ ಎಂದೂ ನೋಡಿ. ಒಂದು ವಿಳಾಸ 30 ಸೆಕೆಂಡಿನಲ್ಲಿ 6 ಸಂಪರ್ಕ ಮಾಡಿದರೆ ಅದು ತಡೆಯುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ ತಪ್ಪಿದ್ದರೂ ಅದಕ್ಕೆ ಒಂದೇ. ಆನ್ಸಿಬಲ್, ಆರ್‌ಸಿಂಕ್‌ನಂಥ, ಮೇಲಿಂದ ಮೇಲೆ ಸಂಪರ್ಕಿಸುವ ಸಾಧನಗಳನ್ನು ಬಳಸುವವರು "ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ" ಎಂದು ಒದ್ದಾಡುವುದು ಹೆಚ್ಚಾಗಿ ಇದರಿಂದ.

ಆಲ್ಮಾ, ರಾಕಿಗಳಲ್ಲಿ 'ಫೈರ್‌ವಾಲ್-ಸಿಎಂಡಿ --ಲಿಸ್ಟ್-ಆಲ್' ನೋಡಿ. '--ಪರ್ಮನೆಂಟ್' ಎಂದು ಬರೆದ ನಿಯಮ '--ರೀಲೋಡ್' ಮಾಡುವವರೆಗೆ ಜಾರಿಯಾಗದು, '--ಪರ್ಮನೆಂಟ್' ಇಲ್ಲದ್ದು ರೀಬೂಟ್ ಆದ ಮೇಲೆ ಉಳಿಯದು.

ಈಗ ಎಲ್ಲಕ್ಕಿಂತ ಅಪಾಯದ ಸಂಗತಿ. "ಎಲ್ಲ ನಿಯಮ ಅಳಿಸಿಬಿಟ್ಟರೆ ಬಾಗಿಲು ತೆರೆಯುತ್ತದೆ" ಎಂದು 'ಐಪಿಟೇಬಲ್ಸ್ -ಎಫ್' ಓಡಿಸುವ ಸಲಹೆ ಎಲ್ಲೆಡೆ ಸಿಗುತ್ತದೆ. ಆ ಆಜ್ಞೆ ನಿಯಮಗಳನ್ನು ಅಳಿಸುತ್ತದೆ, ಮೂಲ ನೀತಿಯನ್ನು (ಯಾವ ನಿಯಮಕ್ಕೂ ಹೊಂದದ ಪ್ಯಾಕೆಟ್ಟನ್ನು ಏನು ಮಾಡಬೇಕೆಂಬುದನ್ನು) ಅಳಿಸುವುದಿಲ್ಲ. ಒಳಬರುವುದಕ್ಕೆ ಮೂಲ ನೀತಿ 'ಡ್ರಾಪ್' ಆಗಿದ್ದರೆ, ನಿಮ್ಮನ್ನು ಬಿಡುತ್ತಿದ್ದ ನಿಯಮವೂ ಅಳಿಸಿ ನೀವು ಪೂರ್ತಿ ಹೊರಗೆ ಬೀಳುತ್ತೀರಿ. ಅಳಿಸಲೇಬೇಕಿದ್ದರೆ ಮೊದಲು ಇದನ್ನು ಓಡಿಸಿ (ಪಿ, ಇನ್‌ಪುಟ್, ಆಕ್ಸೆಪ್ಟ್ ಮೂರೂ ಇಂಗ್ಲಿಷ್‌ನ ದೊಡ್ಡಕ್ಷರಗಳಲ್ಲಿ):

ಸುಡೊ ಐಪಿಟೇಬಲ್ಸ್ -ಪಿ ಇನ್‌ಪುಟ್ ಆಕ್ಸೆಪ್ಟ್

ಡಾಕರ್ (ತಂತ್ರಾಂಶಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಸಾಧನ) ಇರುವ ಸರ್ವರ್‌ನಲ್ಲಿ ಹೀಗೆ ಅಳಿಸಿದರೆ ಅದರ ನಿಯಮಗಳೂ ಹೋಗಿ ಕಂಟೇನರ್‌ಗಳ ಸಂಪರ್ಕ ಕೆಡುತ್ತದೆ. ಡಾಕರ್ ಸೇವೆಯನ್ನು ಮರುಪ್ರಾರಂಭಿಸಬೇಕು.

ಎಸ್‌ಎಸ್‌ಎಚ್ ಪೋರ್ಟ್ ಬದಲಿಸಿದ ಮೇಲೆ ಹೊರಗುಳಿದವರು ನಾಲ್ಕು ಕಡೆ ನೋಡಿ: ಎಸ್‌ಎಸ್‌ಎಚ್ ಸೆಟ್ಟಿಂಗ್ ಕಡತ, ಸರ್ವರ್ ಫೈರ್‌ವಾಲ್, ಹೊರ ಫೈರ್‌ವಾಲ್, ಮತ್ತು ಆಲ್ಮಾ, ರಾಕಿಗಳಾದರೆ ಎಸ್‌ಇಲಿನಕ್ಸ್ (ಯಾವ ಸೇವೆ ಯಾವ ಪೋರ್ಟ್ ಬಳಸಬಹುದು ಎಂದೂ ನಿಯಂತ್ರಿಸುವ ಭದ್ರತಾ ವ್ಯವಸ್ಥೆ). ಉಬುಂಟು 22.10ರಿಂದ ಎಸ್‌ಎಸ್‌ಎಚ್ ಸಾಕೆಟ್ ಮೂಲಕ ಎಚ್ಚರಗೊಳ್ಳುತ್ತದೆ, ಅಂದರೆ ಪೋರ್ಟ್‌ನಲ್ಲಿ ಕಾಯುವುದು ಸೇವೆಗಳನ್ನು ನಿರ್ವಹಿಸುವ ಸಿಸ್ಟಂಡಿ, ಸಂಪರ್ಕ ಬಂದಾಗ ಅದು ಎಸ್‌ಎಸ್‌ಎಚ್ ಸೇವೆಯನ್ನು ಎಬ್ಬಿಸುತ್ತದೆ. ಹಾಗಾಗಿ 24.04ರಲ್ಲಿ ಪೋರ್ಟ್ ಬದಲಿಸಿದ ಮೇಲೆ 'ಸಿಸ್ಟಂಸಿಟಿಎಲ್ ಡೀಮನ್-ರೀಲೋಡ್' ಮಾಡಿ 'ಎಸ್‌ಎಸ್‌ಎಚ್.ಸಾಕೆಟ್' ಅನ್ನೂ ಮರುಪ್ರಾರಂಭಿಸದಿದ್ದರೆ ಸರ್ವರ್ ಹಳೆಯ ಪೋರ್ಟ್‌ನಲ್ಲೇ ಕಾಯುತ್ತಿರುತ್ತದೆ.

ಹಂತ 8. ಕನ್ಸೋಲ್‌ನಲ್ಲೂ ಲಾಗಿನ್ ಆಗದಿದ್ದರೆ

ಬೂಟ್ ಆಗುವಾಗ ಗ್ರಬ್ ಮೆನು (ಲಿನಕ್ಸ್ ಏಳುವ ಮುನ್ನ ಬರುವ ಆಯ್ಕೆ ಪಟ್ಟಿ) ಕಾಣುತ್ತಿದ್ದರೆ ಸುಲಭದ ಉಪಾಯವೊಂದಿದೆ. 'ಇ' ಒತ್ತಿ, 'ಲಿನಕ್ಸ್' ಎಂದು ಆರಂಭವಾಗುವ ಸಾಲಿನ ಕೊನೆಗೆ ಇದನ್ನು ಸೇರಿಸಿ, ಎಫ್10 ಒತ್ತಿ:

ಸಿಸ್ಟಂಡಿ.ಮಾಸ್ಕ್=ಯುಎಫ್‌ಡಬ್ಲ್ಯೂ.ಸರ್ವೀಸ್ ಸಿಸ್ಟಂಡಿ.ಮಾಸ್ಕ್=ಫೇಲ್2ಬ್ಯಾನ್.ಸರ್ವೀಸ್

ಆ ಒಂದು ಬೂಟ್‌ಗೆ ಮಾತ್ರ ಎರಡೂ ಸೇವೆಗಳು ಏಳುವುದಿಲ್ಲ. ಎಂದಿನಂತೆ ಎಸ್‌ಎಸ್‌ಎಚ್‌ನಲ್ಲಿ ಹೋಗಿ ಸರಿಪಡಿಸಿ. ಆ ಹೊತ್ತಿನಲ್ಲಿ ನಿಮ್ಮ ಡೇಟಾಬೇಸ್ ಪೋರ್ಟ್‌ಗಳೂ ಹೊರಜಗತ್ತಿಗೆ ತೆರೆದಿರಬಹುದು, ಬೇಗ ಮುಗಿಸಿ.

ಅದೂ ಆಗದಿದ್ದರೆ ರೆಸ್ಕ್ಯೂ ವಿಧಾನ: ಬೇರೊಂದು ಪುಟ್ಟ ವ್ಯವಸ್ಥೆಯಿಂದ ಬೂಟ್ ಮಾಡಿ, ನಿಮ್ಮ ಡಿಸ್ಕನ್ನು ಒಂದು ಫೋಲ್ಡರ್‌ಗೆ ಮೌಂಟ್ ಮಾಡಿ, /ಇಟಿಸಿ/ಯುಎಫ್‌ಡಬ್ಲ್ಯೂ/ಯುಎಫ್‌ಡಬ್ಲ್ಯೂ.ಕಾನ್ಫ್ ಕಡತದಲ್ಲಿ 'ಎನೇಬಲ್ಡ್=ನೋ' ಎಂದು ಬದಲಿಸುವುದು. ಅದಕ್ಕೆ ಮೊದಲು ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆಯಿರಿ. ಎಡಬ್ಲ್ಯೂಎಸ್‌ನಲ್ಲಿ ರೆಸ್ಕ್ಯೂ ಇಲ್ಲದ ಕಾರಣ ಸರ್ವರ್ ನಿಲ್ಲಿಸಿ, ಡಿಸ್ಕನ್ನು ಬಿಚ್ಚಿ ಬೇರೆ ಸರ್ವರ್‌ಗೆ ಜೋಡಿಸಬೇಕು. ಎಲಾಸ್ಟಿಕ್ ಐಪಿ (ಎಡಬ್ಲ್ಯೂಎಸ್‌ನ ಸ್ಥಿರ ಐಪಿ) ಇಲ್ಲದಿದ್ದರೆ ನಿಲ್ಲಿಸಿ ಆರಂಭಿಸಿದಾಗ ಸಾರ್ವಜನಿಕ ಐಪಿ ಬದಲಾಗುತ್ತದೆ; ಹಳೆಯ ಐಪಿಗೆ ಯತ್ನಿಸುತ್ತಾ "ಇನ್ನೂ ಸರಿಯಾಗಿಲ್ಲ" ಎನ್ನಬೇಡಿ.

ಮುಂದಿನ ಬಾರಿ ನಿಯಮ ಬದಲಿಸುವ ಮುನ್ನ

ಫೇಲ್2ಬ್ಯಾನ್‌ನ 'ಇಗ್ನೋರ್‌ಐಪಿ' ಪಟ್ಟಿಗೆ ನಿಮ್ಮ ವಿಳಾಸ ಸೇರಿಸಿ ಎಂಬುದು ಎಲ್ಲರೂ ಕೊಡುವ ಸಲಹೆ. ಕಚೇರಿಗೆ ಸ್ಥಿರ ಐಪಿ ಇದ್ದರೆ ಖಂಡಿತ ಸೇರಿಸಿ; ಬದಲಾವಣೆಯನ್ನು ಜೈಲ್.ಲೋಕಲ್ ಕಡತದಲ್ಲಿ ಮಾಡಿ, ಜೈಲ್.ಕಾನ್ಫ್‌ನಲ್ಲಲ್ಲ, ಏಕೆಂದರೆ ಅಪ್‌ಡೇಟ್ ಬಂದಾಗ ಎರಡನೆಯದು ಅಳಿದುಹೋಗಬಹುದು. ಆದರೆ ಸಿಜಿನ್ಯಾಟ್ ಹಿಂದಿರುವ ಮೊಬೈಲ್ ವಿಳಾಸವನ್ನು ಸೇರಿಸಿದರೆ ಅದನ್ನು ಹಂಚಿಕೊಂಡ ಅಪರಿಚಿತರಿಗೆಲ್ಲ ವಿನಾಯಿತಿ ಕೊಟ್ಟಂತೆ. ಅಂಥವರಿಗೆ ವೈರ್‌ಗಾರ್ಡ್‌ನಂಥ ವಿಪಿಎನ್ ಹಾಕಿಕೊಂಡು, ಅದರ ಒಳ ವಿಳಾಸಕ್ಕೆ ವಿನಾಯಿತಿ ಕೊಡುವುದೇ ಸರಿಯಾದ ದಾರಿ.

ಫೈರ್‌ವಾಲ್ ಮುಟ್ಟುವ ಮುನ್ನ ತಾನಾಗಿ ಹಿಂದಕ್ಕೆ ಸರಿಯುವ ಏರ್ಪಾಡೊಂದನ್ನು ಮಾಡಿ:

ಸುಡೊ ಸಿಸ್ಟಂಡಿ-ರನ್ --ಯೂನಿಟ್=ವಾಪಸ್ --ಆನ್-ಆಕ್ಟಿವ್=5ಎಂ ಯುಎಫ್‌ಡಬ್ಲ್ಯೂ ಡಿಸೇಬಲ್

ಐದು ನಿಮಿಷ ಕಳೆದರೆ ಫೈರ್‌ವಾಲ್ ತಾನೇ ಆಫ್ ಆಗುತ್ತದೆ. ಈಗ ನಿಯಮ ಬದಲಿಸಿ, ಇರುವ ಕಿಟಕಿಯನ್ನು ಹಾಗೆಯೇ ಬಿಟ್ಟು ಹೊಸ ಕಿಟಕಿಯಲ್ಲಿ ಲಾಗಿನ್ ಮಾಡಿ ನೋಡಿ. ಬಂದಿತೆಂದರೆ ಟೈಮರ್ ರದ್ದುಮಾಡಿ:

ಸುಡೊ ಸಿಸ್ಟಂಸಿಟಿಎಲ್ ಸ್ಟಾಪ್ ವಾಪಸ್.ಟೈಮರ್

ಈ ಕೊನೆಯ ಸಾಲನ್ನು ಮರೆತರೆ ಸರ್ವರ್ ಫೈರ್‌ವಾಲ್ ಇಲ್ಲದೆ ಓಡುತ್ತಿರುತ್ತದೆ. ಆದ್ದರಿಂದ ಎಲ್ಲ ಮುಗಿದ ಮೇಲೆ 'ಯುಎಫ್‌ಡಬ್ಲ್ಯೂ ಸ್ಟೇಟಸ್' ಓಡಿಸಿ, 'ಆಕ್ಟಿವ್' ಎಂದು ಕಾಣುತ್ತಿದೆಯೇ ನೋಡಿಕೊಂಡೇ ಕಿಟಕಿ ಮುಚ್ಚಿ.